ದೋಣಿ ಹಾಡಿನ ಮೇಲಿನ ದನಿ

ಟೈಲರ್ ಅಂಗಡಿಯ ಫೋನೆತ್ತಿ "ಹಲೋ" ಅಂದರೆ ಸಾಕು, ಆ ಕಡೆಯವರು "ಅಣ್ಣಾ, ಮಾಸ್ಟರ್ ಇದಾರಾ?" ಅನ್ನುತ್ತಾರೆ. ಕಾಜಮ್ಮ ತಿದ್ದಲು ಹೋಗುವುದಿಲ್ಲ. "ಇದಾರೆ ಕಣಪ್ಪ, ಇರು" ಎಂದು ಫೋನನ್ನು ಬಟ್ಟೆ ಕತ್ತರಿಸುವ ಮೇಜಿನ ಆಚೆ ನೂಕುತ್ತಾಳೆ. ಐವತ್ತೆಂಟು ವರ್ಷದ ಹೆಂಗಸಿನ ಗಂಟಲಿನಿಂದ ತುಕ್ಕು ಹಿಡಿದ ಷಟರ್ ಎಳೆದ ಹಾಗೆ ದನಿ ಬಂದರೆ ಜನ ಇನ್ನೇನು ತಿಳಿದುಕೊಳ್ಳಬೇಕು! ಒಮ್ಮೆ ಒಬ್ಬ ಗಿರಾಕಿ ಎದುರಿಗೇ ನಿಂತು ಅವಳ ಮಾತು ಕೇಳಿ, ಅವಳ ಹಿಂದೆ ಯಾವ ಗಂಡಸು ಕೂತಿದ್ದಾನೆ ಎಂದು ಬಗ್ಗಿ ನೋಡಿದ್ದ. ಅವತ್ತು ಮಾಸ್ಟರು ನಕ್ಕ ರಭಸಕ್ಕೆ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ನುಂಗುವುದೊಂದು ಬಾಕಿ.

ಕಾಜಮ್ಮ ಅನ್ನುವುದು ಅವಳ ಹೆಸರಲ್ಲ, ಅವಳ ಕೆಲಸ. ಕೋಟಿಗೆ, ಅಂಗಿಗೆ ಗುಂಡಿ ತೂರಿಸಲು ಕಂಡಿ ಇರುತ್ತದಲ್ಲ, ಅದೇ ಕಾಜಾ. ಬಟ್ಟೆ ಸೀಳಿ, ಸೀಳಿದ ಅಂಚಿಗೆ ದಾರ ಸುತ್ತಿ ಸುತ್ತಿ ಬಿಗಿ ಮಾಡಬೇಕು. ಮಷೀನು ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಕಾಜಾ ಮುಗಿಸುತ್ತದೆ, ನಿಜ. ಆದರೆ ಒಳ್ಳೆಯ ಕೋಟಿಗೆ ಕೈಕಾಜಾನೇ ಆಗಬೇಕು ಎಂದು ಹಟ ಹಿಡಿಯುವ ಜನ ಇನ್ನೂ ಇದ್ದಾರೆ. ಆ ಪುಣ್ಯಾತ್ಮರ ದೆಸೆಯಿಂದ ಕಿಟಕಿ ಪಕ್ಕದ ಸ್ಟೂಲು ಇಪ್ಪತ್ತು ವರ್ಷದಿಂದ ಅವಳದಾಗಿಯೇ ಉಳಿದಿದೆ.

ಈಗ ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಇದೇ ಗಂಟಲು ಒಂದು ಕಾಲಕ್ಕೆ ಹಾಡುತ್ತಿತ್ತು. ಬಚ್ಚಲಮನೆಯಲ್ಲಿ ಗುನುಗಿದ್ದಲ್ಲ ಸ್ವಾಮಿ, ಮೂರು ಕ್ಯಾಸೆಟ್ಟು! ಅಕ್ಕ ಮತ್ತು ಅವಳು. ಕವರಿನ ಮೇಲೆ "ಅಕ್ಕತಂಗಿ ಜೋಡಿ" ಎಂದೇ ಅಚ್ಚಾಗಿತ್ತು. ಬಸ್ ನಿಲ್ದಾಣದ ಟೀ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಲಾರಿಗಳಲ್ಲಿ ಆ ಕ್ಯಾಸೆಟ್ಟು ಓಡುತ್ತಿದ್ದ ಕಾಲ ಅದು. ಎಲ್ಲರೂ ಕೇಳುತ್ತಿದ್ದದ್ದು ದೋಣಿ ಹಾಡು. ನದಿ ದಾಟಿಸುವ ದೋಣಿಯವನನ್ನು ಆಚೆ ದಡದಿಂದ ಕರೆಯುವ ಹಾಡು. ಕೊನೆಯ ಚರಣದಲ್ಲಿ ದನಿ ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದನ್ನು ಯಾರಾದರೂ ಹತ್ತುತ್ತಾರೆ, ಎರಡನೆಯದನ್ನು ಕಲಿತವರು ಹತ್ತುತ್ತಾರೆ, ಮೂರನೆಯದಕ್ಕೆ ಹುಟ್ಟಾ ಗಂಟಲು ಬೇಕು. ಆ ಗಂಟಲು ತಂಗಿಯದಾಗಿತ್ತು.

ಆದರೆ ಊರು ತಿಳಿದದ್ದೇ ಬೇರೆ. ಅದಕ್ಕೆ ಕಾರಣ ಒಂದು ಕೆಟ್ಟ ಮೈಕು.

ಸ್ಟುಡಿಯೋ ಇದ್ದದ್ದು ಬೇಕರಿಯ ಮೇಲಿನ ಮಹಡಿಯಲ್ಲಿ. ಕೆಳಗೆ ಹಿಟ್ಟು ನಾದುವ ಯಂತ್ರ ಗುರುಗುಟ್ಟಿದರೆ ಅದೂ ಟೇಪಿಗೆ ಇಳಿಯುತ್ತಿತ್ತು. ಆದ್ದರಿಂದ ರೆಕಾರ್ಡಿಂಗ್ ಅಣ್ಣ ಕೋಲಿನಿಂದ ನೆಲ ಕುಟ್ಟುವುದು, ಬೇಕರಿಯವನು ಯಂತ್ರ ನಿಲ್ಲಿಸುವುದು, ಆಮೇಲೆ ಇವರು ಹಾಡುವುದು. ಎರಡು ಮೈಕಿನಲ್ಲಿ ಒಂದು ಕೆಟ್ಟಿತ್ತು. "ಮುಂದಿನ ವಾರ ರಿಪೇರಿ" ಎಂದು ನಾಲ್ಕು ವರ್ಷ ಹೇಳಿದ ಪುಣ್ಯಾತ್ಮ ಅವನು. ಇದ್ದ ಒಂದೇ ಮೈಕಿಗೆ ಇಬ್ಬರೂ ಹಾಡಬೇಕು. ಅಕ್ಕನದು ಮೆತ್ತನೆಯ, ಕೆಳಗಿನ ದನಿ. ತಂಗಿ ಬಾಯಿ ತೆರೆದರೆ ಮೀಟರಿನ ಮುಳ್ಳು ಕೆಂಪು ಗೆರೆ ದಾಟುತ್ತಿತ್ತು. ಅವನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡು ಗುರುತು ಹಾಕಿದ. ಅಕ್ಕ ಮೈಕಿಗೆ ಮುಖ ಕೊಟ್ಟು ಮುಂದೆ, ತಂಗಿ ನಾಲ್ಕು ಹೆಜ್ಜೆ ಹಿಂದೆ, ಬಾಗಿಲಿಗೆ ಒರಗಿಕೊಂಡು. ಕವರಿಗೆ ಫೋಟೋ ತೆಗೆದವನೂ ಹಾಗೇ ತೆಗೆದ. ಮುಂದೆ ನಿಂತವಳೇ ಹಾಡುವವಳು, ಹಿಂದಿನವಳು ಜೊತೆಗೆ ಬಂದವಳು ಎಂದು ನೋಡಿದವರು ತಿಳಿದುಕೊಂಡರು.

ಮೊದಮೊದಲು ಇದೊಂದು ತಮಾಷೆಯಾಗಿತ್ತು. ದಾರಿಯಲ್ಲಿ ಯಾರೋ ಹೆಂಗಸು ಅಕ್ಕನ ಕೈ ಹಿಡಿದು "ಆ ಮೇಲೆ ಹತ್ತೋ ಜಾಗದಲ್ಲಿ ಎಂಥಾ ದನಿ ತಾಯಿ ನಿಮ್ದು!" ಎಂದರೆ, ಅಕ್ಕ "ಅಯ್ಯೋ, ಅದು ನಂದಲ್ಲ, ಇವಳದ್ದು" ಎಂದು ಹಿಂದಕ್ಕೆ ಬೆರಳು ತೋರಿಸುತ್ತಿದ್ದಳು. ಅವರು ನಂಬುತ್ತಿರಲಿಲ್ಲ. ದೊಡ್ಡ ಮನಸ್ಸು ನೋಡಿ, ತಂಗಿಗೆ ಬಿಟ್ಟುಕೊಡ್ತಾರೆ ಎಂದು ಇನ್ನಷ್ಟು ಹೊಗಳುತ್ತಿದ್ದರು. ಹತ್ತಾರು ಸಲ ಹೀಗಾದ ಮೇಲೆ ಅಕ್ಕನಿಗೆ ಬೆರಳು ತೋರಿಸುವುದು ಬೇಸರವಾಯಿತು. ಆಮೇಲೆ ಸುಮ್ಮನೆ ನಗತೊಡಗಿದಳು.

ಕಾಜಮ್ಮನಿಗೆ ಮಗಳು ಹುಟ್ಟಿ ಒಂದೂವರೆ ವರ್ಷವಾಗಿತ್ತು, ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೊಯ್ದು ತೆಗೆದರು. ಎಚ್ಚರವಾದಾಗ ನೀರು ಕೇಳಲು ಬಾಯಿ ತೆರೆದರೆ ಗಾಳಿ ಬಂತು, ದನಿ ಬರಲಿಲ್ಲ. "ಜೀವ ಉಳೀತಲ್ಲಮ್ಮ" ಎಂದರು ಡಾಕ್ಟರು. ಆರು ತಿಂಗಳಿಗೆ ಈ ಷಟರ್ ದನಿ ಬಂತು, ಅದೇ ಉಳಿಯಿತು. ಅವತ್ತು ಅವಳಿಗಿಂತ ಹೆಚ್ಚು ಅತ್ತವಳು ಅಕ್ಕ, ಸುಳ್ಳು ಹೇಳಬಾರದು.

ಅಕ್ಕ ಸಂಗೀತದ ಕ್ಲಾಸು ತೆರೆದಳು. ಮಕ್ಕಳಿಗೆ ಆ ಹಾಡುಗಳನ್ನೇ ಕಲಿಸಬೇಕು, ಆದರೆ ಮೇಲಿನ ದನಿಯ ದಾರಿ ಅಕ್ಕನಿಗೆ ಗೊತ್ತಿರಲಿಲ್ಲ. ಕಾಜಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಜು ತಟ್ಟಿ, ಕಾಗದದ ಮೇಲೆ ಏರಿಳಿತದ ಗೆರೆ ಬರೆದು ಒಂದೊಂದೇ ಹಾಡನ್ನು ಅಕ್ಕನ ಗಂಟಲಿಗೆ ಕೂರಿಸಿದಳು. ಮೂಗಿಯೊಬ್ಬಳು ಹಾಡು ಹೇಳಿಕೊಟ್ಟದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ಅಕ್ಕ ಆಗ ಅಂದಿದ್ದಳು, "ಜನ ಏನಾದ್ರೂ ಅಂದ್ಕೊಳ್ಳಲಿ ಬಿಡೆ. ಹಾಡಿದ್ದು ಯಾರು ಅಂತ ನಮ್ಮಿಬ್ರಿಗೆ ಗೊತ್ತಲ್ಲ, ಸಾಕು." ಕಾಜಮ್ಮ ಒಪ್ಪಿದಳು. ಒಡಹುಟ್ಟಿದವಳು ಹೊಟ್ಟೆಪಾಡಿಗೆ ದಾರಿ ಮಾಡಿಕೊಂಡರೆ ಅಡ್ಡಗಾಲು ಹಾಕುವುದೇ? ಮಕ್ಕಳಿಗೆ ಕೇಳಿಸಬೇಕು ಎಂದು ಅಕ್ಕ ಕೇಳಿದಾಗ ತನ್ನ ಮೂರು ಕ್ಯಾಸೆಟ್ಟುಗಳನ್ನೂ ಕೊಟ್ಟಳು. ಟೇಪ್ ರೆಕಾರ್ಡರು ಒಂದನ್ನು ಜಗಿದು ಹಾಕಿತು, ಉಳಿದೆರಡು ಯಾರೋ ಒಯ್ದರು ಎಂದು ಅಕ್ಕ ಹೇಳಿದಳು. ಹೋಗಲಿ ಎಂದುಕೊಂಡಳು ಕಾಜಮ್ಮ.

ಹೋಗಲಿ ಅನ್ನಲಾಗದ ಸಂಗತಿ ಒಂದೇ ಇತ್ತು. ಮಗಳು. ಗಂಡ ಬೇಗ ಹೋದ, ಕಾಜಮ್ಮ ಅಂಗಡಿ ಸೇರಿದಳು, ಮಗಳು ದೊಡ್ಡಮ್ಮನ ಕ್ಲಾಸಿನಲ್ಲೇ ಬೆಳೆದಳು. ಒಳ್ಳೆಯ ದನಿಯ ಹುಡುಗಿ, ಈಗ ಇಪ್ಪತ್ತೆಂಟು ತುಂಬಿ ಅಲ್ಲೇ ಪಾಠ ಹೇಳುತ್ತಾಳೆ. ಅವಳಿಗೆ ಹನ್ನೆರಡಾಗಿದ್ದಾಗ ಕಾಜಮ್ಮ ಒಮ್ಮೆ ಹೇಳಿದ್ದಳು, "ಪುಟ್ಟಿ, ದೋಣಿ ಹಾಡಲ್ಲಿ ಮೇಲೆ ಹತ್ತಿದ್ದು ನಾನು ಕಣೆ." ಹುಡುಗಿ ನೇರ ಹೋಗಿ ದೊಡ್ಡಮ್ಮನನ್ನು ಕೇಳಿ ಬಂದಳು. "ನೀನು ಹಿಂದೆ ನಿಂತು ಜೊತೆ ಕೊಡ್ತಿದ್ಯಂತೆ ಅಮ್ಮ. ಅದೂ ಮುಖ್ಯ ಅಂತೆ." ಅವತ್ತೇ ಹೋಗಿ ಅಕ್ಕನ ಹತ್ತಿರ ಜಗಳ ತೆಗೆಯಬೇಕೆನಿಸಿತು ಕಾಜಮ್ಮನಿಗೆ. ಆದರೆ ಅಕ್ಕ ಬಾಯಿ ತೆರೆದರೆ ಹಾಡು ಬರುತ್ತದೆ, ಇವಳು ತೆರೆದರೆ ಬಣ್ಣಗೇಡು. ಯಾರನ್ನು ನಂಬೀತು ಮಗು? ಸಾಯುವುದರೊಳಗೆ ಒಂದು ಸಲ, ಒಂದೇ ಸಲ, ಆ ಹಳೆಯ ಹಾಡನ್ನು ಮಗಳ ಕಿವಿಗೆ ಹಾಕಬೇಕು. ಇಷ್ಟೇ ಅವಳ ಆಸೆ, ಇನ್ನೊಂದಿರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ. ಮಾಸ್ಟರಿಗೆ ಹೊಸ ಫೋನು ಬಂದಿತ್ತು, ಅದರಲ್ಲಿ ಹಾಡಿನ ಅಂಗಡಿ. ಹೆಸರು ಬರೆದರೆ ಸಾಕು, ಎಂದೋ ಸತ್ತವರೂ ಎದ್ದು ಬಂದು ಹಾಡುತ್ತಾರೆ. ಅವರು ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಂಡು ಒಂದಾದ ಮೇಲೊಂದು ಹಳೆಯ ಹಾಡು ಹಾಕುತ್ತ ಇದ್ದವರು "ಕಾಜಮ್ಮ! ನಿಮ್ಮಕ್ಕ!" ಎಂದು ಕೂಗಿದರು. "ದೋಣಿ ಹಾಡು ಬಂತು ನೋಡಿ!"

ಕಾಜಮ್ಮನ ಕೈಯ ಸೂಜಿ ನಿಂತಿತು. ಹಾಡು ಶುರುವಾಯಿತು. ಎರಡು ಸಾಲು ಕೇಳುವಷ್ಟರಲ್ಲಿ ಗೊತ್ತಾಯಿತು, ಇದು ಹೊಸದು. ಅಕ್ಕ ಒಬ್ಬಳೇ ಹಾಡಿದ್ದಾಳೆ. ಕೊನೆಯ ಚರಣ ಬಂತು. ಮೊದಲ ಮೆಟ್ಟಿಲು ಹತ್ತಿದಳು, ಎರಡನೆಯದು ಹತ್ತಿದಳು, ಮೂರನೆಯದರ ಹತ್ತಿರ ಬಂದು ಮೆಲ್ಲಗೆ ಪಕ್ಕಕ್ಕೆ ಸರಿದುಕೊಂಡಳು.

"ಇದಲ್ಲ ಮಾಸ್ಟರ್. ಹಳೇದು ಹುಡುಕಿ. ಅಕ್ಕತಂಗಿ ಜೋಡಿ ಅಂತ ಹಾಕಿ."

ಹಾಕಿದರು. ಇಲ್ಲ. ಹಾಡಿನ ಹೆಸರು, ಕ್ಯಾಸೆಟ್ಟು ಮಾಡಿದ ಕಂಪನಿಯ ಹೆಸರು, ಎಲ್ಲ ಹಾಕಿದರು. ಆ ಕಂಪನಿಯ ಕ್ಯಾಸೆಟ್ಟುಗಳೆಲ್ಲ ಸಾಲಾಗಿ ಕೂತಿದ್ದವು. ನಗೆಹನಿ ಹೇಳುವವನು ಇದ್ದ. ಪ್ರಾಣಿಗಳ ದನಿ ಅನುಕರಿಸುವವನೂ ಇದ್ದ, ಮಾಸ್ಟರು ಒತ್ತಿದರೆ ಐದು ನಿಮಿಷ ನಾಯಿ ಬೊಗಳಿತು.

"ನಾಯಿ ಬೊಗಳಿದ್ದೂ ಇದೆ, ನಾನು ಹಾಡಿದ್ದಿಲ್ಲ!" ಎಂದಳು ಕಾಜಮ್ಮ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಇಸ್ತ್ರಿಯವನು ಮಾತ್ರ "ನೀವು ನಿಜವಾಗ್ಲೂ ಹಾಡ್ತಿದ್ರಾ ಅಮ್ಮ?" ಎಂದು ಕೇಳಿದ. ಇಪ್ಪತ್ತು ವರ್ಷ ಪಕ್ಕದಲ್ಲಿ ನಿಂತು ಇಸ್ತ್ರಿ ಮಾಡಿದವನು! ಅವಳ ನಗು ಅಲ್ಲಿಗೇ ನಿಂತಿತು.

ಮನೆಗೆ ಹೋಗಿ ಮಗಳಿಗೆ ಹೇಳಿದಳು. ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಹಳೇ ಟೇಪು, ಹಾಳಾಗಿರುತ್ತಮ್ಮ. ಆ ಹಾಡು ಹಾಡಿದ್ದು ದೊಡ್ಡಮ್ಮ, ನೀನು ಹಿಂದೆ ಹೂಂಗುಟ್ಟಿದ್ದೆ. ಅದಕ್ಕೆ ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೋತೀಯ?"

ಆ ಮಾತಿನ ಬಿಸಿಗೇ ಮಾರನೆಯ ದಿನ ರಜೆ ಹಾಕಿ ಕಂಪನಿಯನ್ನು ಹುಡುಕಿಕೊಂಡು ಹೊರಟಳು. ಹಿಂದಿನ ಯಜಮಾನರು ತೀರಿಕೊಂಡಿದ್ದರು, ಅವರ ಅಳಿಯ ನಡೆಸುತ್ತಿದ್ದ. ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ. ಅಳಿಯ ಊರಲ್ಲಿರಲಿಲ್ಲ. ಗುಮಾಸ್ತನೊಬ್ಬ ಕೂತಿದ್ದ, ಪಾಪ, ಒಳ್ಳೆಯ ಮನುಷ್ಯ.

"ಟೇಪ್ ಹಾಳಾಗಿಲ್ಲಮ್ಮ, ಚೆನ್ನಾಗೇ ಇದೆ. ಕಂಪ್ಯೂಟರಿಗೂ ಹಾಕಿ ಆಗಿದೆ. ಆದ್ರೆ ಹಾಡಿದವರ ಒಪ್ಪಿಗೆ ಇಲ್ದೆ ಫೋನಿಗೆ ಬಿಡೋ ಹಾಗಿಲ್ಲ. ಹೋದ ವರ್ಷ ಎಲ್ಲರಿಗೂ ಫಾರ್ಮ್ ಕಳಿಸಿದ್ವಿ, ನಿಮ್ಮದು ನಿಮ್ಮಕ್ಕನ ಕ್ಲಾಸಿನ ವಿಳಾಸಕ್ಕೆ. ನಿಮ್ಮ ಜೋಡಿಯವರು ಬೇಡ ಅಂದ್ಬಿಟ್ರು."

"ಯಾರು ಬೇಡ ಅಂದಿದ್ದು?"

ಅವನು ಫೈಲು ತೆಗೆದು ಕಾಗದ ಮುಂದಿಟ್ಟ. ಹಾಡುಗಳ ಪಟ್ಟಿ. ಪಕ್ಕದಲ್ಲಿ "ಮುಖ್ಯ ದನಿ ಯಾರದು", "ಜೊತೆ ದನಿ ಯಾರದು" ಎಂದು ಎರಡು ಖಾನೆ, ಎರಡೂ ಖಾಲಿ. ಕೆಳಗೆ ಟೈಪು ಮಾಡಿದ ಒಂದು ಸಾಲು, ಧ್ವನಿಯ ಗುಣಮಟ್ಟ ಸರಿಯಿಲ್ಲದ್ದರಿಂದ ಬಿಡುಗಡೆ ಮಾಡುವುದು ಬೇಡ ಎಂದು. ಅದರ ಕೆಳಗೆ ಎರಡು ಸಹಿ. ಒಂದು ಅಕ್ಕನದು. ಇನ್ನೊಂದು ಅವಳದೇ. ಖೋಟಾ ಅಲ್ಲ, ಕೊನೆಯ ಅಕ್ಷರಕ್ಕೆ ಬಾಲ ಎಳೆಯುವ ಅವಳದೇ ಸಹಿ.

ನೆನಪಾಯಿತು. ಹೋದ ವರ್ಷ ಶಾಲೆ ಶುರುವಾಗುವ ಸಮಯ, ಕಾಲೂರಲು ಜಾಗವಿಲ್ಲದಷ್ಟು ಯೂನಿಫಾರ್ಮು ಅಂಗಡಿಯಲ್ಲಿ. ಮಗಳು ಓಡೋಡಿ ಬಂದು "ದೊಡ್ಡಮ್ಮನ ಕ್ಲಾಸಿನ ಪೇಪರ್ ಅಮ್ಮ, ರಿಜಿಸ್ಟ್ರೇಷನ್ನಿಗೆ ಸಾಕ್ಷಿ ಬೇಕಂತೆ, ಬೇಗ" ಎಂದು ಕಾಗದ ಮಡಿಸಿ ಹಿಡಿದಿದ್ದಳು. ಕನ್ನಡಕವೂ ಇಲ್ಲದೆ, ಬೆರಳಿಗೆ ಸುತ್ತಿದ ದಾರವನ್ನೂ ಬಿಚ್ಚದೆ ಸಹಿ ಮಾಡಿದ್ದಳು. ಅಕ್ಕ ಕಳಿಸಿದ ಕಾಗದ, ಮಗಳ ಕೈಯಲ್ಲಿ ಬಂದ ಕಾಗದ, ಓದಿ ನೋಡುವುದೇನು? ಪಾಪದ ಮಗು, ಅದಕ್ಕೇನು ಗೊತ್ತು, ದೊಡ್ಡಮ್ಮ ಕೊಟ್ಟದ್ದನ್ನು ತಂದಿದೆ ಎಂದುಕೊಂಡಳು ಕಾಜಮ್ಮ. ಆ ಗುಮಾಸ್ತನ ಎದುರಿಗೇ ಕಣ್ಣೀರು ಬಂತು.

"ಒಂದ್ಸಲ ಕೇಳಿಸ್ತೀರಾ?"

"ಕಂಪ್ಯೂಟರಿನ ಪಾಸ್‌ವರ್ಡ್ ಸಾಹೇಬರ ಹತ್ರ ಇದೆಯಮ್ಮ. ಗುರುವಾರ ಬರ್ತಾರೆ. ಮಧ್ಯಾಹ್ನ ಬನ್ನಿ, ಎಷ್ಟು ಸಲ ಬೇಕಾದ್ರೂ ಕೇಳಿ."

ಅಲ್ಲಿಂದ ನೇರ ಅಕ್ಕನ ಕ್ಲಾಸಿಗೆ ಹೋದಳು. ಮಧ್ಯಾಹ್ನದ ಮಕ್ಕಳು ಹೋಗಿದ್ದರು, ಸಂಜೆಯವರು ಬಂದಿರಲಿಲ್ಲ. ಅಕ್ಕ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದಳು. ಅರವತ್ತೆರಡರ ಅಕ್ಕ, ಮೊಣಕಾಲು ನೋವಿನ ಅಕ್ಕ. ಬೇರೆ ದಿನವಾದರೆ ಕಾಜಮ್ಮನೇ ಕುರ್ಚಿ ಕಸಿದುಕೊಂಡು ಜೋಡಿಸುತ್ತಿದ್ದಳು.

"ಕಂಪನಿಗೆ ಹೋಗಿದ್ದೆ. ಕಾಗದ ನೋಡ್ದೆ."

ಅಕ್ಕ ಕುರ್ಚಿ ಕೆಳಗಿಟ್ಟು ಅದರ ಮೇಲೇ ಕೂತಳು. ಇಲ್ಲ ಅನ್ನಲಿಲ್ಲ, ಯಾವ ಕಾಗದ ಎಂದೂ ಕೇಳಲಿಲ್ಲ.

"ಯಾಕೆ ಹಾಗೆ ಮಾಡ್ದೆ?"

"ಮುಖ್ಯ ದನಿ ಯಾರದು ಅಂತ ಕೇಳಿದ್ರು ಕಣೆ ಅದ್ರಲ್ಲಿ. ಏನಂತ ಬರೀಲಿ? ನಂದು ಅಂತ ಬರೆದ್ರೆ ಸುಳ್ಳಾಗುತ್ತೆ. ನಿಂದು ಅಂತ ಬರೆದ್ರೆ ಈ ಬಾಗಿಲು ಮುಚ್ಚಬೇಕಾಗುತ್ತೆ. ಮಕ್ಕಳನ್ನ ಕರ್ಕೊಂಡು ಬರೋರೆಲ್ಲ ಆ ದನಿ ನಂಬ್ಕೊಂಡು ಬರೋರು."

"ಅದಕ್ಕೆ ನನ್ನ ಕೈಯಲ್ಲೇ ನನ್ನ ಕತ್ತು ಕೊಯ್ಸಿದ್ಯಾ?"

"ಹಾಗನ್ಬೇಡ."

"ಇನ್ನೇನನ್ನಲಿ? ಗಂಟಲು ಹೋದಾಗ ನಾನು ಯಾರನ್ನೂ ಬೈಲಿಲ್ಲ ಅಕ್ಕ. ಅದು ಆಗಿದ್ದು. ಇದು ಆಗಿದ್ದಲ್ಲ, ನೀನು ಮಾಡಿದ್ದು. ಕಳ್ಳರು ಬಂದು ಕದ್ದಿದ್ರೆ ಬಾಗಿಲು ಹಾಕ್ಕೊಳ್ತಿದ್ದೆ. ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರಿಗೆ ಹೇಳೋದು?"

ಅಕ್ಕ ಅತ್ತಳು. ಕಾಜಮ್ಮ ಸಮಾಧಾನ ಮಾಡಲು ಹೋಗಲಿಲ್ಲ, ಜೀವಮಾನದಲ್ಲಿ ಮೊದಲ ಸಲ. ಬಾಗಿಲ ಹತ್ತಿರ ಹೋದವಳು ತಿರುಗಿ ಹೇಳಿದಳು, "ಗುರುವಾರ ಟೇಪ್ ಹಾಕ್ತಾರಂತೆ. ಪುಟ್ಟೀನ ಕರ್ಕೊಂಡು ಹೋಗ್ತೀನಿ."

ಅಕ್ಕನ ಅಳು ತಟ್ಟನೆ ನಿಂತಿತು. "ಬೇಡ ಕಣೆ. ನೀನೊಬ್ಬಳೇ ಹೋಗಿ ಕೇಳು."

"ಯಾಕೆ, ಭಯಾನಾ?"

"ನಾಳೇನೇ ಒಪ್ಪಿಗೆ ಬರ್ಕೊಡ್ತೀನಿ. ಮುಖ್ಯ ದನಿ ನಿಂದು ಅಂತಾನೇ ಬರೀತೀನಿ. ಹಾಡು ಫೋನಿಗೆ ಬರ್ಲಿ, ಊರೆಲ್ಲ ಕೇಳ್ಲಿ, ಕ್ಲಾಸ್ ಮುಚ್ಚಿದ್ರೆ ಮುಚ್ಚಲಿ. ಅವಳನ್ನ ಮಾತ್ರ ಅಲ್ಲಿಗೆ ಕರ್ಕೊಂಡು ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಕಾಜಮ್ಮ. ಊರು ಕೇಳಿದರೆ ಅಕ್ಕನಿಗೆ ಅಡ್ಡಿಯಿಲ್ಲ, ಸಾಕಿದ ಹುಡುಗಿ ಕೇಳಿ ಮುಖ ತಿರುಗಿಸಿಬಿಟ್ಟರೆ ಎಂಬ ಭಯ! "ಊರು ಕಟ್ಕೊಂಡು ನನಗೇನಾಗ್ಬೇಕು? ನನಗೆ ಬೇಕಾಗಿರೋದು ಅವಳ ಎರಡು ಕಿವಿ" ಎಂದು ಮೆಟ್ಟಿಲಿಳಿದಳು.

ಗುರುವಾರದವರೆಗೆ ಅವಳ ಹಾರಾಟ ನೋಡಬೇಕಿತ್ತು. ಕಾಜಾ ಒಂದು ಕಡೆ ಓರೆಯಾಯಿತು, ಮಾಸ್ಟರು ಬಿಚ್ಚಿಸಿದರು. "ಏನ್ ಕಾಜಮ್ಮ, ಮದುವೆ ಹೆಣ್ಣಿನ ಥರ ಆಡ್ತಿದೀರ" ಎಂದು ರೇಗಿಸಿದರು. "ಆಡ್ತೀನಿ, ನಿಮಗೇನು? ಮೂವತ್ತು ವರ್ಷದ ಹಿಂದೆ ಬಿಟ್ಟು ಹೋದವಳು ಸಿಗ್ತಾಳೆ ನಂಗೆ" ಎಂದಳು. ಮಗಳಿಗೆ ಬುಧವಾರ ಸಂಜೆ ಹೇಳಿದಳು, ಕಂಪನಿಗೆ ಹೋಗೋಣ ಎಂದಷ್ಟೇ. ಸಹಿಯ ಸುದ್ದಿ ಎತ್ತಲಿಲ್ಲ, ತಾನೇ ತಂದ ಕಾಗದ ಎಂದು ಗೊತ್ತಾದರೆ ಮಗು ನೊಂದುಕೊಳ್ಳುತ್ತದೆ ಎಂದು. ಮಗಳಿಗೆ ತಲೆನೋವಿತ್ತಂತೆ. ಮಕ್ಕಳಿಗೆ ಪರೀಕ್ಷೆ ಇತ್ತಂತೆ. ಮುಂದಿನ ವಾರ ಹೋದರಾಗದೇ?

"ನಿನ್ನ ಹತ್ರ ಇದುವರೆಗೆ ನಾನೇನಾದ್ರೂ ಕೇಳಿದೀನಾ ಪುಟ್ಟಿ? ಇದೊಂದು ಬಾ."

ಬಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ದಾರಿಯುದ್ದಕ್ಕೂ ಮಾತಾಡಲಿಲ್ಲ. ಕಾಜಮ್ಮನಿಗೆ ಅದೂ ಸಂಕಟವೆನಿಸಲಿಲ್ಲ. ಇನ್ನು ಅರ್ಧ ಗಂಟೆ, ಆಮೇಲೆ ನೋಡೋಣ ಇವಳ ಮುಖ, ಎಂದು ಒಳಗೊಳಗೇ ನಗುತ್ತಿದ್ದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟಿದ್ದಳು.

ಕನ್ನಡಕದ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಹೋದರೆ ಅಳಿಯ ಎದ್ದು ನಿಂತ. ನಲವತ್ತರ ಆಸುಪಾಸು, ಮಾತುಗಾರ. ಕಾಜಮ್ಮನಿಗೆ ತಲೆಬಾಗಿ ವಂದಿಸಿ, ಹಿಂದಿದ್ದ ಮಗಳನ್ನು ನೋಡಿ ಮುಖ ಅರಳಿಸಿದ. "ಓ, ನೀವಾ! ಬನ್ನಿ ಬನ್ನಿ. ಮತ್ತೆ ಕೇಳ್ಬೇಕು ಅನಿಸ್ತಾ?"

"ಇವಳು ನನ್ನ ಮಗಳು ಸರ್. ಇವತ್ತೇ ಮೊದಲ ಸಲ ಬರ್ತಿರೋದು" ಎಂದಳು ಕಾಜಮ್ಮ.

"ಇಲ್ಲಮ್ಮ, ಹೋದ ವರ್ಷ ಫಾರ್ಮ್ ತಂದ್ಕೊಟ್ಟಿದ್ದೇ ಇವ್ರು. ಕೊಡೋಕೆ ಮುಂಚೆ ಒಂದ್ಸಲ ಕೇಳಿ ನೋಡ್ತೀನಿ ಅಂದ್ರು, ಒಳಗೆ ಕೂರಿಸಿ ಹೆಡ್‌ಫೋನ್ ಕೊಟ್ಟೆ. ದೋಣಿ ಹಾಡನ್ನ ಮೂರು ಸಲ ಹಾಕಿಸ್ಕೊಂಡ್ರು. ಅತ್ಬಿಟ್ರು ಪಾಪ. ಅಷ್ಟು ಇಷ್ಟಪಟ್ಟವರು ಬಿಡುಗಡೆ ಬೇಡ ಅಂತ ಯಾಕೆ ಕೊಟ್ಟು ಹೋದ್ರೋ ಅಂತ ನಾನೂ ಯೋಚ್ನೆ ಮಾಡ್ದೆ." ಹೇಳುತ್ತಾ ಹೇಳುತ್ತಾ ಇಬ್ಬರ ಮುಖ ನೋಡಿ ಮಾತು ತಪ್ಪಿತೆಂದು ಅವನಿಗೂ ಗೊತ್ತಾಯಿತು. ಕಂಪ್ಯೂಟರು ಹಾಕುವ ನೆವದಲ್ಲಿ ಒಳಕೋಣೆಗೆ ಹೋದ.

ಕಾಜಮ್ಮ ಮಗಳ ಕಡೆ ತಿರುಗಿದಳು. ಅಕ್ಕ ಯಾಕೆ ಕಾಲಿಗೆ ಬೀಳುತ್ತೇನೆ ಎಂದಳು ಅನ್ನುವುದು ಈಗ ಅರ್ಥವಾಯಿತು.

"ಹೇಳೋಣ ಅಂತಾನೇ ಇದ್ದೆ ಅಮ್ಮ" ಎಂದಳು ಮಗಳು. "ಪೇಪರ್ ಕೊಡುವಾಗಲೇ ದೊಡ್ಡಮ್ಮ ನಿಜ ಹೇಳಿದ್ರು. ನಂಗೆ ನಂಬೋಕಾಗ್ಲಿಲ್ಲ. ಅದಕ್ಕೇ ಕೇಳ್ದೆ."

"ಕೇಳಿದ ಮೇಲೆ?"

"ನೀನೇ ಅಂತ ಗೊತ್ತಾಯ್ತು."

"ಗೊತ್ತಾದ ಮೇಲೆ ಕಾಗದ ಕೊಟ್ಯಾ?"

ಮಗಳು ಸೆರಗಿನಂಚನ್ನು ಬೆರಳಿಗೆ ಸುತ್ತುತ್ತಾ ನಿಂತಿದ್ದಳು. "ಕ್ಲಾಸು ನನ್ನ ಹೆಸರಿಗೆ ಮಾಡ್ತೀನಿ ಅಂದಿದ್ರು ದೊಡ್ಡಮ್ಮ. ಆ ದನಿ ದೊಡ್ಡಮ್ಮಂದಲ್ಲ ಅಂತಾದ್ರೆ ಯಾರು ಬರ್ತಾರೆ ಅಮ್ಮ ಕಲಿಯೋಕೆ? ನನಗೆ ಬೇರೆ ಏನು ಬರುತ್ತೆ? ನೀನೂ ಹೇಗಿದ್ರೂ ಬಿಟ್ಟುಕೊಟ್ಟಿದ್ದೆ, ಇನ್ನೊಂದಷ್ಟು ದಿನ ಸುಮ್ನಿದ್ರೆ..."

"ನಾನು ಬಿಟ್ಟುಕೊಟ್ಟಿದ್ದು ಊರಿಗೆ ಕಣೆ. ನಿಂಗಲ್ಲ."

ಅಷ್ಟು ಹೇಳುವುದರೊಳಗೆ ದನಿ ಪ್ರತಿಸಲದಂತೆ ಒಡೆಯಿತು. ಮೊನ್ನೆ ತಟ್ಟೆಯ ಮೇಲೆ ಬಾಗಿ "ನೀನು ಹಿಂದೆ ಹೂಂಗುಟ್ಟಿದ್ದೆ" ಅಂದಳಲ್ಲ, ಆ ಮಾತು ಈಗ ಬಂದು ಎದೆಗೆ ಹೊಡೆಯಿತು. ಗೊತ್ತಿಲ್ಲದೆ ಅಂದದ್ದಲ್ಲ. ಮೂರು ಸಲ ಕೇಳಿ, ಅತ್ತು, ಕಣ್ಣೊರೆಸಿಕೊಂಡು, ಕಾಗದ ಕೊಟ್ಟು ಬಂದು, ಒಂದು ವರ್ಷ ಒಂದೇ ಸೂರಿನಡಿ ಉಂಡು ಮಲಗಿ, ಆಮೇಲೂ ಅಂದದ್ದು. ಅಕ್ಕ ಮಾಡಿದ್ದಕ್ಕೆ ಅವಳು ಕೂಗಾಡಿದ್ದಳು. ಇದಕ್ಕೆ ಕೂಗಲು ಅವಳಲ್ಲಿ ಏನೂ ಉಳಿದಿರಲಿಲ್ಲ.

"ಹೇಗಿತ್ತು?" ಎಂದು ಕೇಳಿದಳು.

"ಏನು?"

"ನನ್ನ ದನಿ. ಕೇಳ್ದೆ ಅಂದ್ಯಲ್ಲ, ಹೇಗಿತ್ತು?"

ಮಗಳು ಮುಖ ಮುಚ್ಚಿಕೊಂಡು ಬಿಕ್ಕಿದಳು. "ಅಂಥ ದನಿ ನಾನು ಎಲ್ಲೂ ಕೇಳಿಲ್ಲಮ್ಮ. ಆ ಮೂರನೇ ಮೆಟ್ಟಿಲು... ನಂಗೆ ಈ ಜನ್ಮದಲ್ಲಿ ಬರಲ್ಲ ಅದು."

ಈ ಮಾತಿಗಾಗಿ ಇಪ್ಪತ್ತೇಳು ವರ್ಷ ಕಾದಿದ್ದಳು ಕಾಜಮ್ಮ. ಬಂತು. ಬಂದಾಗ ಅದನ್ನು ಇಟ್ಟುಕೊಳ್ಳಲು ಜಾಗವಿರಲಿಲ್ಲ.

ಒಳಕೋಣೆಯಿಂದ ಅಳಿಯ ಮೆಲ್ಲಗೆ ಕರೆದ. "ರೆಡಿ ಇದೆ. ಇಬ್ರೂ ಬನ್ನಿ." ಎರಡು ಕುರ್ಚಿ ಹಾಕಿದ್ದ. ಮಗಳು ಕಣ್ಣೊರೆಸಿಕೊಂಡು ತಾಯಿಯ ಮೊಣಕೈ ಹಿಡಿದಳು, ಜೊತೆಗೆ ಒಳಗೆ ಬರಲು. ಕಾಜಮ್ಮ ಆ ಕೈಯನ್ನು ಬಿಡಿಸಿದಳು. ಕೋಪದಿಂದಲ್ಲ, ಬಟ್ಟೆಗೆ ಸಿಕ್ಕಿಕೊಂಡ ದಾರವನ್ನು ಬಿಡಿಸುವಷ್ಟೇ ಮೆಲ್ಲಗೆ ಒಂದೊಂದೇ ಬೆರಳು ಬಿಡಿಸಿದಳು.

"ನೀನು ಇಲ್ಲೇ ಕೂತಿರು. ನೀನು ಕೇಳಿ ಆಗಿದೆ" ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.